ಐವತ್ತೊಂಬತ್ತನೆಯ ಖಾನೆ

2025ರ ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶದ ಪೊಲೀಸ್ ಠಾಣೆಗೆ ಒಬ್ಬ ಹೆಣ್ಣುಮಗಳು ದೂರು ಕೊಡಲು ಬಂದಳು. ಎರಡು ದಿನದ ಹಿಂದಷ್ಟೇ ಊರಿನ ಗಣಪತಿಗಳೆಲ್ಲ ನೀರಿಗಿಳಿದಿದ್ದವು. ಬಂದೋಬಸ್ತ್ ಮುಗಿಸಿದ ಪೊಲೀಸರು ಇನ್ನೂ ನಿದ್ದೆಗಣ್ಣಲ್ಲೇ ಇದ್ದರು. ಮೂವತ್ತು ತಾಸು ಮೆರವಣಿಗೆಯ ಡಾಲ್ಬಿ ಸ್ಪೀಕರುಗಳ ಸದ್ದು ಕೇಳಿದ್ದ ಇನ್ಸ್‌ಪೆಕ್ಟರ್ ಶಿವಬಸವ್ವ ಅವರ ಎಡಗಿವಿ ಗುಂಯ್ ಅನ್ನುವುದನ್ನು ನಿಲ್ಲಿಸಿರಲಿಲ್ಲ. ಬಲಗಿವಿಯನ್ನೇ ಮುಂದೆ ಮಾಡಿಕೊಂಡು ಅವರು ದೂರು ಕೇಳಿಸಿಕೊಂಡರು.

ಬಂದವಳು ಪದ್ಮಶ್ರೀ ಹಂಪಣ್ಣವರ, ವಯಸ್ಸು ಮೂವತ್ತನಾಲ್ಕು, ಬೆಳ್ಳಿಚುಕ್ಕಿ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಯ ಒಡತಿ. ನಾಲ್ಕು ಚಿಪ್ಪು ಕಳುವಾಗಿವೆ ಎಂದಳು. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ರಾಮಲಿಂಗ 'ಚಿಪ್ಸ್, ನಾಲ್ಕು ಪಾಕೀಟು' ಎಂದು ಬರೆದು, ಇದಕ್ಕೂ ದೂರೇ ಎಂಬಂತೆ ತಲೆಯೆತ್ತಿ ನೋಡಿದ.

"ತಿನ್ನೂ ಚಿಪ್ಸ್ ಅಲ್ರೀ," ಎಂದಳು ಪದ್ಮಶ್ರೀ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. "ಉಪಗ್ರಹದಾಗ ಕೂಡಿಸೂ ಚಿಪ್. ಕೃತಕ ಬುದ್ಧಿಮತ್ತೆ ಕೆಲಸ ಮಾಡೂವಂಥಾದ್ದು."

"ನಮಗ ತಿಳಿಯೂಹಂಗ ಹೇಳ್ರಿ."

"ಉಪಗ್ರಹದ ಕ್ಯಾಮೆರಾ ದಿನಾ ಸಾವಿರಾರು ಫೋಟೋ ತಗೀತೈತ್ರಿ. ಎಲ್ಲಾನೂ ಕೆಳಗ ಕಳಿಸಿ ಇಲ್ಲಿ ಕುಂತು ನೋಡೂದರಾಗ ದಿನಗಟ್ಟಲೆ ಹೋಗತಾವ. ನಮ್ಮ ಚಿಪ್ ಮ್ಯಾಲೇನ ಫೋಟೋ ನೋಡಿ, ಇಲ್ಲಿ ಕಾಡಿಗೆ ಬೆಂಕಿ ಬಿದ್ದೈತಿ, ಅಲ್ಲಿ ಮಲಪ್ರಭಾ ದಂಡಿ ದಾಟೈತಿ ಅಂತ ಬರೇ ಸುದ್ದಿ ಕಳಿಸತೈತಿ."

"ಬಾಳ ಬೆಲಿ ಇರಬೇಕಲ್ಲ."

"ಬೆಲಿ ಬಿಡ್ರಿ ಮೇಡಂ. ನಾಡಿದ್ದು ಬುಧವಾರ ಸಂಜಿ ನಾಲ್ಕಕ್ಕ ಅವನ್ನ ಬೆಂಗಳೂರಾಗ ಒಪ್ಪಿಸಬೇಕು. ಇಲ್ಲಂದ್ರ ಉಪಗ್ರಹದಾಗಿನ ನಮ್ಮ ಜಾಗಾ ಬ್ಯಾರೆಯವರಿಗೆ ಹೋಗತೈತಿ. ಹೊಸಾವು ಮಾಡಸಾಕ ಎಂಟು ತಿಂಗಳ ಬೇಕು. ಆರು ವರ್ಷ ದುಡದೇನ್ರಿ ಇದಕ್ಕ." ಅವಳು ಒಂದು ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಇನ್ನೊಂದು ಮಾತು. ಒಂದೊಂದು ಚಿಪ್ಪೂ ಬೆಳ್ಳಿ ಬಣ್ಣದ ಚೀಲದಾಗ ಐತಿ, ಸೀಲ್ ಹಾಕೈತಿ. ಸೀಲ್ ಹಂಗ ಇದ್ರ ಮಾತ್ರ ತಗೋತಾರ. ಮುರದ್ರ ಮುಗೀತು. ಯಾರ ಕೈ ತಾಗಿತೋ ಏನಾತೋ ಗೊತ್ತಿಲ್ಲದ್ದನ್ನ ಯಾರೂ ಆಕಾಶಕ್ಕ ಕಳಸೂದಿಲ್ಲ."

ಬುಧವಾರ ನಾಲ್ಕು ಗಂಟೆ ಎಂದು ಶಿವಬಸವ್ವ ಡೈರಿಯ ಮೂಲೆಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಯಾರ ಮೇಲಾದರೂ ಸಂಶಯ ಇದೆಯೇ ಎಂದು ಕೇಳಿದಾಗ ಪದ್ಮಶ್ರೀ, ಸ್ಟೋರು ನೋಡಿಕೊಳ್ಳುವ ಅನಿಕೇತ ಗುರವ, ಖಾನಾಪುರದವನು, ಎಂದಳು. "ತಮ್ಮನ್ಹಂಗ ಇದ್ದ," ಎಂದು ಸೇರಿಸಿದಳು. ಹನ್ನೊಂದು ಐದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಮತ್ತು 306ರ ಅಡಿ ಎಫ್‌ಐಆರ್ ದಾಖಲಾಯಿತು. 303 ಎಂದರೆ ಕಳವು, 306 ಎಂದರೆ ನೌಕರನೇ ಮಾಲೀಕರ ವಸ್ತುವನ್ನು ಕದಿಯುವುದು.

ಹನ್ನೆರಡೂಕಾಲಿಗೆ ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಚಿಪ್ಪುಗಳಿದ್ದದ್ದು ತೇವ ತಾಗದಂಥ ಉಕ್ಕಿನ ಬೀರುವಿನಲ್ಲಿ. ಅದಕ್ಕೆ ಎಪ್ಪತ್ತೆರಡು ಖಾನೆ. ಗುರುತಿನ ಕಾರ್ಡು ಹಿಡಿದು ಖಾನೆಯ ನಂಬರು ಒತ್ತಿದರೆ ಅದು ತೆರೆಯುತ್ತದೆ, ಯಾವುದು ಎಷ್ಟು ಹೊತ್ತಿಗೆ ತೆರೆಯಿತು ಎಂಬುದನ್ನು ಯಂತ್ರವೇ ಬರೆದಿಡುತ್ತದೆ. ಯಂತ್ರ ಬರೆದದ್ದು ಇಷ್ಟು: ಸೆಪ್ಟೆಂಬರ್ 6, ಶನಿವಾರ, ಮಧ್ಯಾಹ್ನ 2.41ಕ್ಕೆ ಖಾನೆ 61. 2.43ಕ್ಕೆ ಖಾನೆ 59. ಎರಡಕ್ಕೂ ಬಳಸಿದ್ದು ಅನಿಕೇತನ ಕಾರ್ಡು. 61ರಲ್ಲಿ ಹಳೆಯ ಬಿಡಿಭಾಗಗಳಿದ್ದವು, ಅವನ್ನು ಯಾರೂ ಮುಟ್ಟಿರಲಿಲ್ಲ. 59 ಖಾಲಿಯಾಗಿತ್ತು.

ಆ ಹೊತ್ತಿನಲ್ಲಿ ಕಟ್ಟಡದಲ್ಲಿ ಯಾರೂ ಇರಲಿಲ್ಲ. ರಜೆಯಲ್ಲಿದ್ದ ಅನಿಕೇತನನ್ನು ಬಿಟ್ಟು ಕಂಪನಿಯ ಉಳಿದ ಇಪ್ಪತ್ತೈದು ಜನವೂ ಎರಡು ಗಂಟೆಗೆ ತಮ್ಮ ಗಣಪತಿಯನ್ನು ಟೆಂಪೋದಲ್ಲಿ ಕೂರಿಸಿಕೊಂಡು ಕಪಿಲೇಶ್ವರ ಹೊಂಡಕ್ಕೆ ಹೋಗಿದ್ದರು. ಮುಂಬಾಗಿಲ ಕ್ಯಾಮೆರಾವನ್ನು ನೋಡೋಣವೆಂದರೆ, ಅದು ಹನ್ನೊಂದು ದಿನವೂ ತನಗೆ ಅಡ್ಡ ಕಟ್ಟಿದ್ದ ಗಣಪತಿ ಮಂಟಪದ ಜರಿ ಪರದೆಯನ್ನೇ ಚಿತ್ರೀಕರಿಸಿತ್ತು. ವಿಘ್ನ ಕಳೆಯುವ ದೇವರು ಪೊಲೀಸರಿಗೇ ವಿಘ್ನ ಇಟ್ಟು ಹೋದನಲ್ಲ ಎಂದು ಶಿವಬಸವ್ವ ಮನಸ್ಸಿನಲ್ಲೇ ಗೊಣಗಿದರು.

ಗೇಟಿನ ಕಾವಲುಗಾರ ಬೀರಣ್ಣ ಎದುರಿಗೆ ಬಂದು ಸೆಟೆದು ನಿಂತ.

"ಶನಿವಾರ ಎರಡರಿಂದ ಮೂರರ ತನಕ ಇಲ್ಲೇ ಇದ್ದಿ?"

"ಇಲ್ಲೇ ಇದ್ನಿರಿ."

"ಯಾರು ಬಂದ್ರು?"

"ಯಾರೂ ಬಂದಿಲ್ರೀ. ರಿಜಿಸ್ಟರ್ ನೋಡ್ರಿ ಬೇಕಾರ."

ರಿಜಿಸ್ಟರಿನ ಆ ಪುಟದಲ್ಲಿ ಬೀರಣ್ಣನ ಚಹಾದ ಕಲೆಯೊಂದು ಬಿಟ್ಟರೆ ಬೇರೇನಿರಲಿಲ್ಲ.

ಒಳಗೆ ಪದ್ಮಶ್ರೀಯ ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಕೂತು ಅವಳಿಗೆ ನೀರು ಕುಡಿಸುತ್ತಿದ್ದರು. ಅವರು ಲಕ್ಷ್ಮಪ್ಪ ಮರಡಿ, ವಯಸ್ಸು ಅರವತ್ತಾರು, ನಿವೃತ್ತ ಪ್ರಾಧ್ಯಾಪಕರು, ಎಂಜಿನಿಯರಿಂಗ್ ಓದುವಾಗ ಪದ್ಮಶ್ರೀಗೆ ಪಾಠ ಹೇಳಿದವರು. ಕಂಪನಿ ಶುರುವಾದಾಗಿನಿಂದ ದಿನಾ ಬರುತ್ತಿದ್ದರು, ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರಿಗೂ ಅವರು ಬರೀ 'ಸರ್'. ಇನ್ಸ್‌ಪೆಕ್ಟರರಿಗೆ ತಾವೇ ಕುರ್ಚಿ ಎಳೆದು ಕೊಟ್ಟರು.

"ಅನಿಕೇತ ಒಳ್ಳೆ ಹುಡುಗ್ರಿ," ಎಂದರು ಮೆಲ್ಲಗೆ. "ನಾನ ಕರಕೊಂಡು ಬಂದು ಕೆಲಸಕ್ಕ ಹಚ್ಚಿದ್ದೆ. ಆದ್ರ ಮನಶಾನ ಮನಸಿನಾಗ ಏನಿರತೈತಿ, ಯಾರಿಗೆ ಗೊತ್ತು."

ಲಕ್ಷ್ಮಪ್ಪ ತರಿಸಿದ ಚಹಾವನ್ನು ಶಿವಬಸವ್ವ ಕುಡಿದರು. ಒಳ್ಳೆಯ ಮನುಷ್ಯ ಅನಿಸಿತು. ಈ ಅನಿಸಿಕೆಗಾಗಿ ಮರುದಿನ ಅವರು ತಮ್ಮನ್ನು ತಾವೇ ಬೈದುಕೊಳ್ಳಬೇಕಾಯಿತು.

ಖಾನಾಪುರಕ್ಕೆ ಹೋಗಿದ್ದ ಹೆಡ್ ಕಾನ್‌ಸ್ಟೇಬಲ್ ತಮ್ಮಣ್ಣ ಮೂರು ಐವತ್ತಕ್ಕೆ ಅನಿಕೇತನನ್ನು ಕರೆತಂದರು. ತಮ್ಮಣ್ಣ ಅದೇ ಊರಿನವರು, ನಿವೃತ್ತಿಗೆ ಎರಡು ವರ್ಷ ಬಾಕಿ, ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಹೇಳುವ ಮನುಷ್ಯ. ಅನಿಕೇತ ಇಪ್ಪತ್ತೆಂಟರ ಸಣಕಲ. ಬೆಂಚಿನ ತುದಿಯಲ್ಲಿ ಕೂತ.

"ಶನಿವಾರ ಮಧ್ಯಾಹ್ನ ಎಲ್ಲಿದ್ದಿ?"

"ಖಾನಾಪುರದಾಗ್ರಿ. ಹೆಂಡತಿ ಬಸರಿ ಅದಾಳ. ದವಾಖಾನಿಗೆ ಕರಕೊಂಡು ಹೋಗಿದ್ದೆ."

"ಗಣಪತಿ ಕಳಸೂದು ಬಿಟ್ಟು?"

"ಡಾಕ್ಟರ್ ಅವತ್ತ ಬರಾಕ ಹೇಳಿದ್ರರಿ."

"ಕಾರ್ಡ್ ಎಲ್ಲಿತ್ತು?"

"ಏಪ್ರನ್ ಕಿಸೆದಾಗ. ದಿನಾ ಅಲ್ಲೇ ಬಿಟ್ಟು ಹೋಗತೇನ್ರಿ. ಎಲ್ಲಾರಿಗೂ ಗೊತ್ತೈತಿ."

"ಚಿಪ್ ಯಾವ ಖಾನೆದಾಗ ಅದಾವ ಅಂತ ಯಾರಿಗೆ ಗೊತ್ತಿತ್ತು?"

"ಶುಕ್ರವಾರ ಸಂಜಿ ನಾನ ಇಟ್ಟೆ. ಮೇಡಮ್ಮಾರು ನಂಬರ್ ರಿಜಿಸ್ಟರ್‌ದಾಗ ಬರದು, ಆ ರಿಜಿಸ್ಟರ್ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. ಅಷ್ಟ."

"ನೀ ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ರೀ."

"ಹಂಗಾದ್ರ ನಿನ್ನ ಕಾರ್ಡ್ ತಾನ ನಡಕೊಂಡು ಹೋಗಿ ಖಾನೆ ತಗೀತೇನು?" ಶಿವಬಸವ್ವ ಮೇಜು ಕುಟ್ಟಿದರು.

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಪದ್ಮಶ್ರೀ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. "ನಂಬಿದ್ದೆನಲ್ಲೋ ನಿನ್ನ," ಎಂದಳು. ಅಷ್ಟೇ. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಅನಿಕೇತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಪ್ಪು ಮಾಡಿದವರೂ ಹೀಗೇ ಅಳುತ್ತಾರೆ ಎಂಬುದನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ನೋಡಿದ್ದ ಶಿವಬಸವ್ವ ಕರಗಲಿಲ್ಲ. ಆದರೂ ದವಾಖಾನೆಯ ಮಾತು ಖರೆಯೋ ಸುಳ್ಳೋ ನೋಡದೆ ಬಂಧಿಸುವಂತಿರಲಿಲ್ಲ. ಮರುದಿನ ಮಧ್ಯಾಹ್ನ ಹಾಜರಾಗುವಂತೆ ನೋಟಿಸು ಕೊಟ್ಟು ಅವನನ್ನು ಊರಿಗೆ ಕಳಿಸಿದರು.

ಸೆಪ್ಟೆಂಬರ್ 9, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಖಾನಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯ ದವಾಖಾನೆ ಕಿಕ್ಕಿರಿದಿತ್ತು. ಡಾಕ್ಟರು ಒಳಗೆ ಪೇಶಂಟಿನ ಜೊತೆಗಿದ್ದರು, ಐದು ನಿಮಿಷ ಕಾಯಬೇಕೆಂದು ಕಂಪೌಂಡರ್ ಹೇಳಿದ. ಶಿವಬಸವ್ವ ಮತ್ತು ತಮ್ಮಣ್ಣ ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಕೂತಿದ್ದ ಫಕೀರವ್ವ ಎಂಬ ಮುದುಕಿ, ಇಬ್ಬರು ಪೊಲೀಸರು ಬಂದರೂ ಒಂದಿಷ್ಟೂ ಹೆದರದೆ, ತನಗೆ ಮಂಡಿನೋವು ಹೇಗೆ ಶುರುವಾಯಿತು ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು.

ಕಂಪೌಂಡರ್ ಬಾಗಿಲಿಗೆ ಬಂದು "ಏಕೋಣತೀಸ!" ಎಂದು ಕೂಗಿದ.

ಫಕೀರವ್ವ ಮಾತು ಅರ್ಧಕ್ಕೇ ಬಿಟ್ಟು ಎದ್ದಳು. ಕೋಲೂರಿಕೊಂಡು ಬಾಗಿಲ ತನಕ ಹೋದಳು.

"ನಿಮ್ಮ ನಂಬರ್ ಎಷ್ಟ್ರಿ ಆಯಿ?"

"ಮೂವತ್ತೊಂದು. ನೀನ ಒದರಿದೆಲ್ಲೋ."

"ನಾ ಒದರಿದ್ದು ಇಪ್ಪತ್ತೊಂಬತ್ತು. ಹೋಗ್ರಿ, ಕುಂದರ್ರಿ."

ಕಾಯುತ್ತಿದ್ದವರೆಲ್ಲ ನಕ್ಕರು. ತಮ್ಮಣ್ಣನೂ ನಕ್ಕರು. ಶಿವಬಸವ್ವ ನಗಲಿಲ್ಲ. ಅವರು ಗದಗ ಕಡೆಯವರು, ಬೆಳಗಾವಿಗೆ ವರ್ಗವಾಗಿ ಐದು ತಿಂಗಳಾಗಿತ್ತಷ್ಟೇ. ಅವರ ಕಿವಿಗೂ ಅದು ಮೂವತ್ತೊಂದು ಎಂದೇ ಕೇಳಿಸಿತ್ತು.

"ಏಕ ಅಂದ್ರ ಒಂದು, ತೀಸ ಅಂದ್ರ ಮೂವತ್ತು. ಮೂವತ್ತೊಂದ ಆತಲ್ಲರಿ, ತಮ್ಮಣ್ಣಾರ?"

"ಇಲ್ರೀ ಮೇಡಂ. ಮೂವತ್ತೊಂದಕ್ಕ ಏಕತೀಸ. ಇದು ಏಕೋಣತೀಸ. ಮರಾಠಿದಾಗ ಏಕೋಣ ಅಂದ್ರ ಒಂದು ಕಮ್ಮಿ. ಮೂವತ್ತಕ್ಕ ಒಂದು ಕಮ್ಮಿ, ಇಪ್ಪತ್ತೊಂಬತ್ತು. ಕನ್ನಡದವ್ರು ಎಷ್ಟ ಮರಾಠಿ ಕಲತ್ರೂ ಇದರಾಗ ಹಮೇಶಾ ಬೀಳತಾರ."

ಶಿವಬಸವ್ವ ಡೈರಿ ಬಿಚ್ಚಿ ಯಂತ್ರ ಬರೆದಿಟ್ಟಿದ್ದ ನಂಬರುಗಳನ್ನು ನೋಡಿದರು.

"ಐವತ್ತೊಂಬತ್ತಕ್ಕ ಏನಂತಾರ?"

"ಏಕೋಣಸಾಠ. ಸಾಠ ಅಂದ್ರ ಅರವತ್ತು, ಅದಕ್ಕ ಒಂದು ಕಮ್ಮಿ."

"ನನ್ನಂಥಾಕಿ ಅದನ್ನ ಕೇಳಿದ್ರ ಎಷ್ಟಂತ ತಿಳೀತಾಳ?"

"ಅರವತ್ತೊಂದು," ಎಂದರು ತಮ್ಮಣ್ಣ, ಬೆಂಚಿನಿಂದ ಎದ್ದು.

ಇಷ್ಟು ಹೊತ್ತೂ ಕಣ್ಣೆದುರಿಗೇ ಇದ್ದದ್ದು ಆಗ ಶಿವಬಸವ್ವ ಅವರಿಗೆ ಕಂಡಿತು. ಚಿಪ್ಪುಗಳನ್ನು 59ರಲ್ಲಿ ಇಟ್ಟವನೇ ಅನಿಕೇತ. ಅವನು ಕದಿಯುವುದಾದರೆ ಮೊದಲು 61ನ್ನು ಏಕೆ ತೆರೆಯಬೇಕು? ತೆರೆದವನಿಗೆ ಯಾರೋ ನಂಬರನ್ನು ಮರಾಠಿಯಲ್ಲಿ ಹೇಳಿದ್ದಾರೆ, ಅವನು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದಾನೆ. ಒಳಗೆ ಬಿಡಿಭಾಗ ಕಂಡಮೇಲೆ ತನ್ನ ತಪ್ಪು ಹೊಳೆದು, ಎರಡು ನಿಮಿಷದಲ್ಲಿ 59ಕ್ಕೆ ಬಂದಿದ್ದಾನೆ. ಹಾಗಾದರೆ ಅವನು ಮರಾಠಿ ಬಲ್ಲವನೇ, ಆದರೆ ಮನೆಯಲ್ಲಿ ಕಲಿತವನಲ್ಲ.

ಡಾಕ್ಟರರ ಪುಸ್ತಕದಲ್ಲಿ ರೂಪಾಲಿ ಗುರವ ಎಂಬ ಹೆಸರು ಶನಿವಾರ ಎರಡು ಮೂವತ್ತೈದಕ್ಕೆ ದಾಖಲಾಗಿತ್ತು. ಗಂಡ ಒಳಗೇ ನಿಂತಿದ್ದ, ಮಗುವಿನ ಎದೆಬಡಿತ ಕೇಳಿ ಕಣ್ಣೀರು ಹಾಕಿದ್ದ ಎಂದು ಡಾಕ್ಟರರೇ ಹೇಳಿದರು. ಖಾನಾಪುರದಲ್ಲಿ ಎರಡು ಮೂವತ್ತೈದಕ್ಕೆ ಅಳುತ್ತಿದ್ದವನು ಎರಡು ನಲವತ್ತೊಂದಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಬೆಳಗಾವಿಯಲ್ಲಿ ಖಾನೆ ತೆರೆಯಲಾರ. ಡಾಕ್ಟರರ ಹೇಳಿಕೆ ಬರೆದುಕೊಂಡು ಇಬ್ಬರೂ ನೇರವಾಗಿ ಅನಿಕೇತನ ಮನೆಗೆ ಹೋದರು.

ಅವನು ಠಾಣೆಗೆ ಹೊರಡಲು ಅಂಗಿ ತೊಟ್ಟು ಕೂತಿದ್ದ. ಜೀಪು ಕಂಡು ಓಣಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಶಿವಬಸವ್ವ, "ಇಂವ ಕದ್ದಿಲ್ಲ. ಎಲ್ಲಾರೂ ಒಳಗ ನಡೀರಿ," ಎಂದರು. ಒಳಗೆ ಬಂದು ಅನಿಕೇತನ ಎದುರಿಗೇ ಕೂತರು.

"ಖಾನೆ ನಂಬರ್ ಮರಾಠಿದಾಗ ಯಾರಿಗೆ ಹೇಳಿದಿ?"

"ಯಾರಿಗೂ ಇಲ್ರೀ."

"ನೆನಪ ಮಾಡ್ಕೊ. ಏಕೋಣಸಾಠ ಅಂತ ಯಾರಿಗರ ಅಂದಿದ್ದಿ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೂಪಾಲಿಗೆ ತಡೆಯಲಾಗಲಿಲ್ಲ.

"ಸರ್ ಕೇಳಿದ್ರು ಅಂತ ಶುಕ್ರವಾರ ನೀವ ಹೇಳಿದ್ರೆಲ್ಲ! ಅವರ ಮರಾಠಿ ಕೇಳಿ ನಗು ಬಂತು ಅಂದ್ರಿ. ಈಗ ಯಾಕ ಬಾಯಿ ಮುಚ್ಚಿ ಕುಂತೀರಿ?"

"ಸರ್‌ಗೆ ಹೇಳಿದ್ದು ಯಾರಿಗರ ಹೇಳಿದ್ಹಂಗ ಹೆಂಗ ಆಕ್ಕೈತಿ?" ಎಂದ ಅನಿಕೇತ. ಹೆಂಡತಿಗೆ ಹೇಳಿದನೋ ಇನ್ಸ್‌ಪೆಕ್ಟರರಿಗೆ ಹೇಳಿದನೋ ತಿಳಿಯಲಿಲ್ಲ. ಆಮೇಲೆ ಬಿಡಿಬಿಡಿಯಾಗಿ ಹೇಳಿದ. ಸರ್ ತನ್ನ ಜೊತೆ ಯಾವಾಗಲೂ ಪ್ರೀತಿಗಾಗಿ ಮರಾಠಿಯಲ್ಲೇ ಮಾತಾಡುತ್ತಾರೆ, ತಪ್ಪುತಪ್ಪಾಗಿ. ಶುಕ್ರವಾರ ಸಂಜೆ, ಚಿಪ್ಪು ಎಲ್ಲಿಟ್ಟೆಯೋ ಎಂದು ಮರಾಠಿಯಲ್ಲೇ ಕೇಳಿದರು. ತಾನೂ ಏಕೋಣಸಾಠ ಎಂದೆ. "ಈ ಕೆಲಸ ಕೊಡಿಸಿದವ್ರ ಅವ್ರರಿ ಮೇಡಂ. ಅವ್ರ ಮ್ಯಾಲ ಸಂಶೇ ಪಡಬ್ಯಾಡ್ರಿ."

ಮಧ್ಯಾಹ್ನ ಒಂದೂವರೆಗೆ ಬೀರಣ್ಣನನ್ನು ಮತ್ತೆ ಕರೆಸಿದರು.

"ಶನಿವಾರ ಯಾರೂ ಬಂದಿಲ್ಲ ಅಂದಿದ್ದಿ."

"ಹೌದ್ರಿ. ಯಾರೂ ಬಂದಿಲ್ಲ."

"ಲಕ್ಷ್ಮಪ್ಪ ಸರ್?"

"ಸರ್ ಬಂದಿದ್ರಲ್ರೀ! ಮೊಣಕಾಲ ನೋಯಾಕತ್ತಾವ, ಎಲ್ಲಾರ ಜೋಡಿ ನಡಿಯಾಕ ಆಗಾಂಗಿಲ್ಲ, ತಾಸೊತ್ತು ಒಳಗ ಕುಂದರತೇನಿ ಅಂದ್ರು. ನಾನ ಬಾಗಿಲ ತಗದ್ನಿರಿ. ಮೂರಕ್ಕ ರಿಕ್ಷಾ ಹಿಡಕೊಂಡು ಹೊಂಡಕ್ಕ ಹೋದ್ರು."

"ಮತ್ತ ನಿನ್ನಿ ಯಾಕ ಹೇಳಲಿಲ್ಲೋ ಮಾರಾಯಾ?"

"ನೀವು ಯಾರು ಬಂದ್ರು ಅಂತ ಕೇಳಿದ್ರಿ," ಎಂದ ಬೀರಣ್ಣ, ತನ್ನದೇನು ತಪ್ಪು ಎಂಬಂತೆ. "ಸರ್ ಬಂದ್ರ ನಾವು ಬರಿಯೂದಿಲ್ರೀ. ಅವ್ರು ಮನಿಯವ್ರಿದ್ಹಂಗ."

ಶಿವಬಸವ್ವ ಅವರಿಗೆ ಸಿಟ್ಟು ಬಂತು. ಬೀರಣ್ಣನ ಮೇಲಲ್ಲ, ಇಷ್ಟೊಂದು ಜನರ ನಂಬಿಕೆಯನ್ನು ಹೊದ್ದುಕೊಂಡು ಒಳಗೆ ಹೋದವರ ಮೇಲೆ. ಶೋಧಕ್ಕೆ ಬೇಕಾದ ಕಾಗದಪತ್ರ ಸಿದ್ಧಪಡಿಸಿ, ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು, ಚಿಪ್ಪು ಗುರುತಿಸಲು ಬರುವಂತೆ ಪದ್ಮಶ್ರೀಗೂ ಹೇಳಿ ಊರಿನ ಕ್ಯಾಂಪ್ ಬಡಾವಣೆಯ ಕಡೆ ಹೊರಟರು. ಯಾರ ಮನೆಗೆ ಎಂದು ಮಾತ್ರ ಪದ್ಮಶ್ರೀಗೆ ಹೇಳಲಿಲ್ಲ. ವಿಳಾಸ ಕೊಟ್ಟರು, ಅಷ್ಟೇ. ಅವಳಿಗೆ ಆ ವಿಳಾಸ ಗೊತ್ತಿತ್ತು. ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟಳು.

ಸಂಜೆ ಐದು ಹತ್ತು. ಚರ್ಚಿನ ಹಿಂದಿನ ಹಳೆಯ ಬಂಗಲೆಯ ಎರಡು ಕೋಣೆಗಳನ್ನು ಲಕ್ಷ್ಮಪ್ಪ ಬಾಡಿಗೆಗೆ ಹಿಡಿದಿದ್ದರು. ಬಾಗಿಲು ತೆರೆದೇ ಇತ್ತು.

"ಬರ್ರಿ, ಕುಂದರ್ರಿ," ಎಂದರು. ಪಂಚರನ್ನು ನೋಡಿ, "ಇವ್ರಿಗೂ ಕುರ್ಚಿ ತರತೇನಿ," ಎಂದರು.

"ಚಿಪ್ ಎಲ್ಲಿ ಅದಾವ ಸರ್?"

ಅವರು ತಕರಾರು ಮಾಡಲಿಲ್ಲ. ಕಿಟಕಿ ಬದಿಯ ಮೇಜಿನ ಮೇಲೆ ಕಪ್ಪು ರಬ್ಬರಿನ ಹಾಸು ಇತ್ತು, ಅದರಿಂದ ಹೊರಟ ತಂತಿಯೊಂದು ನೆಲದ ಅರ್ಥಿಂಗಿಗೆ ಹೋಗಿತ್ತು. ಅವರು ಮೊದಲು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡರು. ಮೈಯ ವಿದ್ಯುತ್ತು ತಾಗಿ ಚಿಪ್ಪು ಸುಡಬಾರದು ಎಂದು ಪಂಚರಿಗೆ ವಿವರಿಸಿದರು, ಪಾಠ ಹೇಳುವಂತೆಯೇ. ಆಮೇಲೆ ಮೇಜಿನ ಖಾನೆಯಿಂದ ನಾಲ್ಕು ಬೆಳ್ಳಿ ಬಣ್ಣದ ಚೀಲಗಳನ್ನು ತೆಗೆದು ಒಂದೊಂದಾಗಿ ಹಾಸಿನ ಮೇಲೆ ಇಟ್ಟರು. ಒಳಗಿನ ಚಿಪ್ಪುಗಳು ಚೌಕದ ಬಿಸ್ಕೀಟಿನಷ್ಟು ದೊಡ್ಡವು, ಒಂದಕ್ಕೂ ಗೀರು ಬಿದ್ದಿರಲಿಲ್ಲ.

ಶಿವಬಸವ್ವ ಗಡಿಯಾರ ನೋಡಿಕೊಂಡರು. ಬುಧವಾರ ನಾಲ್ಕಕ್ಕೆ ಇನ್ನೂ ಇಪ್ಪತ್ತೆರಡು ತಾಸು ಇತ್ತು. ಅಷ್ಟರಲ್ಲಿ ಪದ್ಮಶ್ರೀ ಒಳಗೆ ಬಂದಳು. ಸರ್ ಕಡೆ ನೋಡದೆ ಸೀದಾ ಮೇಜಿನ ಬಳಿ ಹೋದಳು. ಚೀಲಗಳ ಮೇಲೆ ಬಾಗಿ ನೋಡಿದಳು. ನಾಲ್ಕೂ ಚೀಲಗಳ ಸೀಲುಗಳನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಲಾಗಿತ್ತು.

"ಕತ್ತರಿಸಿದ್ಯಾಕ ಸರ್?" ಎಂದು ಅವರ ಕಡೆ ತಿರುಗಿದಳು. "ತಗೊಂಡು ಬಂದದ್ದು ಬಂದ್ರಿ. ಸೀಲ್ ಯಾಕ ಕತ್ತರಿಸಿದ್ರಿ?"

"ಹೆಸರು ನೋಡಾಕ."

"ಯಾರ ಹೆಸರು?"

ಲಕ್ಷ್ಮಪ್ಪ ಅವಳಿಗೆ ಉತ್ತರ ಕೊಡದೆ ಇನ್ಸ್‌ಪೆಕ್ಟರರ ಕಡೆ ತಿರುಗಿದರು.

"ಮ್ಯಾಲ ಆಕಾಶದಾಗ ಕಣ್ಣಿಗೆ ಕಾಣದ ಕಣ ಹಾರಾಡತಿರತಾವ್ರಿ. ಒಂದು ಬಡದ್ರ ಸಾಕು, ಚಿಪ್ಪಿನ ಲೆಕ್ಕ ತಪ್ಪತೈತಿ. ಅದಕ್ಕ ಎಲ್ಲಾರೂ ಒಂದ ಲೆಕ್ಕಾನ ಮೂರು ಸಲ ಮಾಡಸತಾರ. ಮೂರು ಪಟ್ಟು ಕರೆಂಟ್ ಬೇಕು. 2011ರಾಗ ನಾನು ಕ್ಲಾಸಿನ ಬೋರ್ಡ್ ಮ್ಯಾಲ ಒಂದು ಉಪಾಯ ಬರದೆ. ಒಂದ ಸಲ ಮಾಡಸ್ರಿ, ಅಡ್ಡ ಸಾಲು ಉದ್ದ ಸಾಲು ಕೂಡಿಸಿ ತಾಳೆ ನೋಡ್ರಿ, ತಪ್ಪು ತಾನ ಸಿಗತೈತಿ ಅಂತ. ಈಕಿ ಮೊದಲನೇ ಬೆಂಚಿನ ಮ್ಯಾಲ ಕುಂತಿದ್ಲು. ಈ ಚಿಪ್ಪಿನ ಜೀವಾನ ಅದು. ಬೇಕಾದ್ರ ಕೇಳ್ರಿ."

ಶಿವಬಸವ್ವ ಪದ್ಮಶ್ರೀಯ ಕಡೆ ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಚವತಿ ದಿನ ಕಂಪನಿ ಗಣಪತಿ ಮುಂದ ಪೇಟೆಂಟ್ ಸರ್ಟಿಫಿಕೇಟ್‌ಗೆ ಕಟ್ಟು ಹಾಕಿಸಿ ಇಟ್ಟಿದ್ರು, ಪೂಜಾ ಮಾಡಾಕ. ಆರತಿ ಮಾಡಾಕ ಹಿರೇರು ಅಂತ ನನ್ನ ಕರದ್ರು. ಕೈಯಾಗ ತಾಟ ಇತ್ತು. ಓದಿದೆ. ಕಂಡುಹಿಡದವ್ರ ಹೆಸರು ಅಂತ ಇರೂ ಜಾಗಾದಾಗ ಒಂದ ಹೆಸರಿತ್ತು. ನನ್ನದಲ್ಲ. ಎಲ್ಲಾರೂ ಚಪ್ಪಾಳಿ ಹೊಡಿಯಾಕತ್ತಿದ್ರು. ನಾನು ಆರತಿ ಪೂರಾ ಮಾಡಿದೆ."

"ನಿಮ್ಮ ಹೆಸರು ಹಾಕಿದ್ರ ಕಾಲೇಜಿನವ್ರು ಪೇಟೆಂಟ್ ತಮ್ಮದು ಅಂತ ಬರತಾರ, ಬ್ಯಾಡ ಅಂತ ಬಂಡವಾಳ ಹಾಕಿದವ್ರು ಅಂದ್ರು ಸರ್," ಎಂದಳು ಪದ್ಮಶ್ರೀ.

"ನನಗ ಹೇಳಬೇಕಿತ್ತು."

"ನಿಮ್ಮ ಮುಖಾ ನೋಡಿ ಹೇಳೂ ಧೈರ್ಯ ಬರಲಿಲ್ಲ."

"ಹನ್ನೊಂದು ದಿನ ಮುಂಜಾನಿ ಸಂಜಿ ನಿನ್ನ ಜೋಡಿ ಆರತಿ ಮಾಡೇನಿ. ಒಂದು ದಿನಾನೂ ಧೈರ್ಯ ಬರಲಿಲ್ಲ?"

ಅವಳು ತಲೆ ಕೆಳಗೆ ಹಾಕಿದಳು. ಶಿವಬಸವ್ವ ಮಧ್ಯೆ ಬಾಯಿ ಹಾಕಿದರು.

"ಆಕಿ ನಿಮಗ ಮೋಸ ಮಾಡಿದ್ಲು, ಒಪ್ಪಿದೆ. ಅನಿಕೇತ ಏನು ಮಾಡಿದ್ದ?"

"ನನಗ ಕಾರ್ಡ್ ಇಲ್ರೀ. ಆರು ವರ್ಷ ದಿನಾ ಹೋಗೇನಿ, ಒಂದು ಕಾರ್ಡ್ ಮಾಡಿಸಿಲ್ಲ. ಯಾರರ ಬಾಗಿಲ ತಗದ್ರ ಒಳಗ."

"ಅದನ್ನ ಕೇಳಲಿಲ್ಲ. ನಿನ್ನಿ ನನ್ನ ಮುಂದ, ಮನಶಾನ ಮನಸಿನಾಗ ಏನಿರತೈತಿ ಅಂದ್ರಿ. ಅದನ್ನ ಯಾಕ ಅಂದ್ರಿ? ಓಣಿ ಮಂದಿ ಮುಂದ ಪೊಲೀಸ್ ಜೀಪ್ ಹತ್ತಿ ಬಂದಾನ ಅಂವ. ಮನಿಯಾಗ ಬಸರಿ ಹೆಂಡತಿ. ಇವತ್ತ ಮುಂಜಾನಿತನಕ ನಿಮ್ಮ ಹೆಸರು ಬಾಯಿ ಬಿಡಲಿಲ್ಲ ಅಂವ, ಗೊತ್ತೈತೇನು?"

ಲಕ್ಷ್ಮಪ್ಪ ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿದರು, ಮತ್ತೆ ಕಟ್ಟಿಕೊಂಡರು. ತಮಗಾದದ್ದನ್ನೇ ಅವರು ಇನ್ನೊಬ್ಬನಿಗೆ ಮಾಡಿದ್ದರು, ಅದೂ ತಮ್ಮನ್ನು ಎಲ್ಲರಿಗಿಂತ ಹೆಚ್ಚು ನಂಬಿದವನಿಗೆ. ಶಿವಬಸವ್ವ ಅವರಿಗೆ ಈ ಮನುಷ್ಯನ ಮೇಲೆ ಕನಿಕರ ಹುಟ್ಟುವುದರಲ್ಲಿತ್ತು, ಅದು ಅಲ್ಲಿಗೇ ನಿಂತಿತು.

"ಸೀಲ್ ಕತ್ತರಿಸಿ ನೋಡಿದೆ," ಎಂದರು ಲಕ್ಷ್ಮಪ್ಪ, ತಮಗೆ ತಾವೇ ಎಂಬಂತೆ. "ಕಾಗದದ ಮ್ಯಾಲ ಇಲ್ಲದಿದ್ರೂ ಚಿಪ್ಪಿನ ಮ್ಯಾಲರ ಬರಸಿರಬೇಕು ಅಂತ. ಮೊದಲನೇದರ ಮ್ಯಾಲ ಕಂಪನಿ ಹೆಸರು, ನಂಬರ್. ಅಷ್ಟ. ಎರಡನೇದೂ ಹಂಗ. ನಾಲ್ಕೂ ನೋಡಿದೆ."

ಪದ್ಮಶ್ರೀ ತಟ್ಟನೆ ತಲೆಯೆತ್ತಿದಳು.

"ಬರಸೇನಿ ಸರ್."

"ಎಲ್ಲಿ?"

"ಒಳಗ. ಮುಚ್ಚಳದ ಕೆಳಗ, ಸಿಲಿಕಾನ್ ಮ್ಯಾಲ. ಲಕ್ಷ್ಮಪ್ಪ ಮರಡಿ ಅಂತ ಕನ್ನಡದಾಗ, ಕೂದಲ ಎಳಿಗಿಂತ ಸಣ್ಣ ಅಕ್ಷರ. ಬರೇ ನಿಮ್ಮ ಹೆಸರು, ನನ್ನದಿಲ್ಲ. ಉಪಗ್ರಹ ಹಾರಿದ ದಿನ ನಿಮಗ ಹೇಳಬೇಕು ಅಂತಿದ್ದೆ."

ಪಂಚನಾಮೆ ಬರೆಯುತ್ತಿದ್ದ ರಾಮಲಿಂಗ ಪೆನ್ನು ನಿಲ್ಲಿಸಿದ. ಲಕ್ಷ್ಮಪ್ಪ ಮೇಜಿನ ಮೇಲಿದ್ದ ಚಿಪ್ಪನ್ನು ನೋಡಿದರು.

"ಅದನ್ನ ಓದಬೇಕಂದ್ರ?"

"ಮುಚ್ಚಳ ತಗೀಬೇಕು. ಮೈಕ್ರೋಸ್ಕೋಪಿನ ಕೆಳಗ ಇಡಬೇಕು."

"ಮುಚ್ಚಳ ತಗದ್ರ?"

ಪದ್ಮಶ್ರೀ ಕಿಟಕಿಯ ಕಡೆ ತಿರುಗಿದಳು.

"ಚಿಪ್ ಕೆಡತೈತಿ," ಎಂದು ಉತ್ತರವನ್ನೂ ಅವರೇ ಹೇಳಿದರು. "ಎಲ್ಲಾರಿಗೂ ಕಾಣೂ ಕಾಗದದಾಗ ನಿನ್ನ ಹೆಸರು. ಯಾರೂ ಎಂದೂ ನೋಡದ ಜಾಗಾದಾಗ ನನ್ನ ಹೆಸರು. ಒಳ್ಳೆ ಹಂಚಿಕಿ ಮಾಡಿದೆವ್ವಾ."

ಅವಳು ಹೊರಗೆ ವರಾಂಡಕ್ಕೆ ಹೋಗಿ ಬೆಂಗಳೂರಿಗೆ ಫೋನು ಮಾಡಿದಳು. ಸೀಲ್ ಮುರಿದಿವೆ ಎಂದು ಒಮ್ಮೆ ಹೇಳಿದ್ದು ಕೇಳಿಸಿತು. ಉಳಿದದ್ದೆಲ್ಲ ಬರೀ ಹೂಂ, ಹೂಂ. ಒಳಗೆ ಬಂದಾಗ, ಆ ಜಾಗ ಬೇರೆ ಕಂಪನಿಗೆ ಹೋಯಿತು ಎಂದಳು. ಯಾರನ್ನೂ ನೋಡದೆ ಹೇಳಿದಳು. ಜಪ್ತಿ ಪಂಚನಾಮೆಗೆ ಸಹಿ ಹಾಕಿ, ನಾಲ್ಕು ಚಿಪ್ಪು ತನ್ನವೇ ಎಂದು ಗುರುತಿಸಿ ಹೊರಟಳು. ಬಾಗಿಲ ಬಳಿ ಶಿವಬಸವ್ವ ಅವಳನ್ನು ತಡೆದರು.

"ಮೊದಲ ಖಾನಾಪುರಕ್ಕ ಹೋಗ್ರಿ. ನಿನ್ನಿ ಠಾಣೆದಾಗ ಅವಂಗ ಒಂದು ಮಾತಂದ್ರೆಲ್ಲ, ಅದನ್ನ ವಾಪಸ್ ತಗೊಂಡು ಬರ್ರಿ."

ತಮ್ಮಣ್ಣ ಅಷ್ಟರಲ್ಲಿ ಅನಿಕೇತನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದರು. ಅವನು ಒಂದೇ ಪ್ರಶ್ನೆ ಕೇಳಿದನಂತೆ, ಸರ್ ನನ್ನ ಕಾರ್ಡೇ ಯಾಕೆ ತಗೊಂಡರು ಎಂದು. ಏನು ಹೇಳಬೇಕೋ ತಿಳಿಯದೆ ತಮ್ಮಣ್ಣ, ಊಟ ಮಾಡಿ ಮಲಕೋ ಎಂದಿದ್ದರು.

ಆರು ಇಪ್ಪತ್ತಕ್ಕೆ ಶಿವಬಸವ್ವ ಬಂಧನದ ಮೆಮೊ ಬರೆಯಲು ಕೂತರು. ಕಲಂ 306ನ್ನು ಕೈಬಿಡಬೇಕಾಗಿತ್ತು. ಲಕ್ಷ್ಮಪ್ಪ ಕಂಪನಿಯ ನೌಕರರಲ್ಲ, ಪಾಲುದಾರರೂ ಅಲ್ಲ. ಹಾಜರಿ ಪುಸ್ತಕ, ಗೇಟಿನ ರಿಜಿಸ್ಟರು, ಪೇಟೆಂಟು, ಯಾವುದರಲ್ಲೂ ಅವರ ಹೆಸರಿರಲಿಲ್ಲ. ಆ ಚಿಪ್ಪಿನ ಜೊತೆ ಅವರ ಹೆಸರನ್ನು ಸೇರಿಸಿ ಬರೆದ ಮೊದಲ ಕಾಗದ ಈ ಜಪ್ತಿ ಪಂಚನಾಮೆಯೇ. ಉದ್ದೇಶ ಎಂಬಲ್ಲಿ ಬರೆಯಲು ಕೇಸ್ ಡೈರಿಯಲ್ಲಿ ಎರಡು ಸಾಲು ಜಾಗವಿರುತ್ತದೆ. ಶಿವಬಸವ್ವ 'ಹಣವಲ್ಲ, ಹೆಸರು' ಎಂದು ಬರೆದು ಮುಂದೆ ಏನು ಬರೆಯುವುದೆಂದು ತೋಚದೆ ಬಿಟ್ಟರು.

ಮೆಮೊದಲ್ಲಿ ಕೊನೆಯ ಕಾಲಂ ಒಂದಿತ್ತು.

"ಬಂಧನದ ಸುದ್ದಿ ಯಾರಿಗೆ ತಿಳಸಬೇಕು ಸರ್? ಹೆಸರು, ಫೋನ್ ನಂಬರ್ ಹೇಳ್ರಿ. ಕಾಯ್ದೆ ಪ್ರಕಾರ ಬರೀಬೇಕು."

ಲಕ್ಷ್ಮಪ್ಪ ಯೋಚಿಸಲಿಲ್ಲ. ದವಾಖಾನೆಯ ಅರ್ಜಿಯಿರಲಿ, ಬ್ಯಾಂಕಿನ ಅರ್ಜಿಯಿರಲಿ, ಇಷ್ಟು ವರ್ಷ ಬರೆಸುತ್ತ ಬಂದ ಹೆಸರನ್ನೇ ಹೇಳಿದರು.

"ಪದ್ಮಶ್ರೀ ಹಂಪಣ್ಣವರ. ಒಂಬತ್ತು ನಾಲ್ಕು ನಾಲ್ಕು ಎಂಟು..."

ಅಲ್ಲಿಗೆ ನಿಂತರು. ಇನ್ಸ್‌ಪೆಕ್ಟರರ ಪೆನ್ನು ಅಷ್ಟನ್ನೂ ಬರೆದಾಗಿತ್ತು.

"ಯಾರೂ ಇಲ್ಲ ಅಂತ ಬರೀರಿ," ಎಂದರು ಲಕ್ಷ್ಮಪ್ಪ.

ಶಿವಬಸವ್ವ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಬಂಧನದ ಮೆಮೊದಲ್ಲಿ ಏನಾದರೂ ಹೊಡೆದುಹಾಕಿದರೆ ಆ ಜಾಗದಲ್ಲಿ ಇಬ್ಬರ ಸಹಿಯೂ ಇರಬೇಕು. ಅವರು ಮೊದಲು ತಮ್ಮದು ಹಾಕಿ, ಪೆನ್ನನ್ನು ಲಕ್ಷ್ಮಪ್ಪ ಅವರ ಕಡೆ ಚಾಚಿದರು.